ದೇವಾಲಯದ ಬಾಗಿಲಿನಿಂದ ಆರ್ಗನ್ ಪೀಠಕ್ಕೆ
ಅಂಧ ತರುಣರು ಶಾಲೆಯಿಂದ ದುಡಿಮೆಗೆ ನಡೆದು ಬಂದ ದಾರಿಯ ಚರಿತ್ರೆ

ಪ್ರೇಷಿತರ ಕಾರ್ಯಕಲಾಪಗಳ ಮೂರನೆಯ ಅಧ್ಯಾಯದಲ್ಲಿ ಬರುವ ಪ್ರಸಂಗವೊಂದು ನಮ್ಮ ಓದುಗರೆಲ್ಲರಿಗೂ ಪರಿಚಿತವಾದುದೇ. ಜೆರುಸಲೇಮಿನ ಮಹಾದೇವಾಲಯಕ್ಕೆ ‘ಸುಂದರ ದ್ವಾರ’ವೆಂಬ ಬಾಗಿಲೊಂದಿದ್ದಿತು. ಹುಟ್ಟಿನಿಂದಲೇ ಕಾಲಿಲ್ಲದವನಂತಿದ್ದ ಒಬ್ಬ ಮನುಷ್ಯನನ್ನು ದಿನದಿನವೂ ಯಾರಾದರೂ ಹೊತ್ತು ತಂದು ಆ ಬಾಗಿಲಲ್ಲಿ ಕೂರಿಸಿ ಹೋಗುತ್ತಿದ್ದರು. ಒಳಹೋಗುವ ಭಕ್ತರ ಮುಂದೆ ಕೈಚಾಚುವುದೇ ಅವನ ಬಾಳಾಗಿದ್ದಿತು. ಪ್ರಾರ್ಥನೆಗೆಂದು ಬಂದ ಸಂತ ಪೇತ್ರರ ಹಾಗೂ ಸಂತ ಯೊವಾನ್ನರ ಮುಂದೆಯೂ ಅವನು ಕೈಚಾಚಿದನು. ಪೇತ್ರರು ಅವನಿಗೆ ಕಾಸು ಕೊಡಲಿಲ್ಲ. ಯೇಸುಸ್ವಾಮಿಯ ನಾಮದಲ್ಲಿ ಅವನ ಬಲಗೈಯನ್ನು ಹಿಡಿದೆತ್ತಿದರು. ಅವನು ಎದ್ದು ನಿಂತು, ಅವರ ಜೊತೆಯಲ್ಲಿಯೇ ದೇವಾಲಯದ ಒಳಕ್ಕೆ ನಡೆದನು.

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಇದನ್ನು ಕಟ್ಟಿದವರನ್ನೂ, ಇಲ್ಲಿ ಸೇವೆ ಸಲ್ಲಿಸಿದ ಗುರುವರ್ಯರನ್ನೂ, ಕನ್ಯಾಸ್ತ್ರೀಯರನ್ನೂ, ಉಪದೇಶಿಗಳನ್ನೂ ಸ್ಮರಿಸುವುದು ನಮ್ಮ ಕರ್ತವ್ಯ. ಆದರೆ ಒಳಗೆ ಕುಳಿತವರ ಚರಿತ್ರೆಯನ್ನು ಬರೆಯುವಾಗ ಬಾಗಿಲಲ್ಲಿ ಕುಳಿತವರ ಚರಿತ್ರೆಯನ್ನು ಮರೆಯುವುದು ಸುಲಭ. ಅಂಗವಿಕಲರಿಗೆ ದೇವಾಲಯದ ಮೆಟ್ಟಿಲ ಮೇಲೆ ಕಾಸು ಹಾಕುವುದು ಧರ್ಮವೆಂದು ನಮ್ಮ ಹಿರಿಯರು ನಂಬಿದ್ದರು. ಅವರ ಮಕ್ಕಳು ಶಾಲೆಗೆ ಹೋಗಬೇಕೆಂಬ ಅರಿವು ತಡವಾಗಿ ಬಂದಿತು. ಶಾಲೆ ಮುಗಿಸಿದವರು ತಮ್ಮ ದುಡಿಮೆಯ ಅನ್ನವನ್ನು ಉಣ್ಣಬೇಕೆಂಬ ಅರಿವು ಇನ್ನೂ ತಡವಾಗಿ ಬರುತ್ತಲಿದೆ. ಈ ಮೂರು ಹಂತಗಳನ್ನೂ ಒಂದೇ ಊರಿನಲ್ಲಿ, ಬಹುಮಟ್ಟಿಗೆ ಒಂದೇ ದೇವಾಲಯದ ಸುತ್ತ, ಕಾಣಬಹುದಾದ ಒಂದು ಚರಿತ್ರೆಯುಂಟು. ಅದು ಪ್ಯಾರಿಸ್ ನಗರದ ಅಂಧರ ಚರಿತ್ರೆ. ದೂರದ ದೇಶದ ಕಥೆಯಾದರೂ ಅದರ ಪಾಠ ನಮ್ಮ ಅಂಗಳದ್ದೇ ಆದುದರಿಂದ ಅದನ್ನಿಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇವೆ.

ಮುನ್ನೂರು ಮಂದಿಯ ಮನೆ

ಫ್ರಾನ್ಸ್ ದೇಶದ ಅರಸರಾಗಿದ್ದು ಮುಂದೆ ಸಂತಪದವಿಗೇರಿದ ಒಂಬತ್ತನೆಯ ಲೂಯಿಯವರು ಸುಮಾರು 1260ರಲ್ಲಿ ಪ್ಯಾರಿಸಿನಲ್ಲಿ ಬಡ ಅಂಧರಿಗಾಗಿ ಒಂದು ಆಶ್ರಯಧಾಮವನ್ನು ಸ್ಥಾಪಿಸಿದರು. ಅದರ ಹೆಸರು ‘ಕಾಂಜ್ ವಾಂ’. ಎಂದರೆ ‘ಹದಿನೈದು ಇಪ್ಪತ್ತುಗಳು’. ಆ ಕಾಲದ ಫ್ರೆಂಚರು ಇಪ್ಪತ್ತರ ಲೆಕ್ಕದಲ್ಲಿ ಎಣಿಸುತ್ತಿದ್ದರು. ಮುನ್ನೂರು ಮಂದಿಗೆ ಅಲ್ಲಿ ಜಾಗವಿದ್ದುದರಿಂದ ಈ ಹೆಸರು ಬಂದಿತು. ಅದೇ ಹೆಸರಿನ ಕಣ್ಣಿನ ಆಸ್ಪತ್ರೆ ಇಂದಿಗೂ ಆ ನಗರದಲ್ಲಿದೆ.

ಅರಸರ ಕರುಣೆ ದೊಡ್ಡದು. ಅಂಧರಿಗೆ ತಲೆಯ ಮೇಲೊಂದು ಸೂರು, ಜೊತೆಗಾರರ ಸಮುದಾಯ, ಪ್ರಾರ್ಥನೆಗೊಂದು ಗುಡಿ, ಇವೆಲ್ಲ ದೊರೆತವು. ಆದರೆ ಆ ಮನೆಯವರ ಜೀವನೋಪಾಯವೇನು? ನಗರದ ದೇವಾಲಯಗಳಲ್ಲಿ ಭಿಕ್ಷೆ ಎತ್ತುವ ಹಕ್ಕನ್ನು ಅವರಿಗೆ ವಿಶೇಷವಾಗಿ ನೀಡಲಾಗಿತ್ತು. ಹೀಗೆ ಭಿಕ್ಷೆಯೇ ಅವರಿಗೆ ಒಂದು ಮಾನ್ಯವಾದ ಕಸುಬಾಯಿತು. ಅಂಧನಾದವನು ಬೇರೇನನ್ನಾದರೂ ಮಾಡಬಲ್ಲನೆಂಬ ಯೋಚನೆ ಅಂದಿನ ಸಮಾಜಕ್ಕೆ ಹೊಳೆಯಲೇ ಇಲ್ಲ. ಹೊಳೆಯಲು ಐನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಬಾಗಿಲಲ್ಲಿ ಸಿಕ್ಕ ಮೊದಲ ಶಿಷ್ಯ

1771ರಲ್ಲಿ ಪ್ಯಾರಿಸಿನ ಸಂತ ಓವೀದರ ಜಾತ್ರೆಯಲ್ಲಿ ಕಾಫಿ ಅಂಗಡಿಯವನೊಬ್ಬನು ಗಿರಾಕಿಗಳನ್ನು ಸೆಳೆಯುವುದಕ್ಕಾಗಿ ಕೆಲವು ಅಂಧರನ್ನು ಕರೆತಂದು ಕೂರಿಸಿದ್ದನು. ಅವರಿಗೆ ಚೂಪು ಟೋಪಿ, ಉದ್ದನೆಯ ನಿಲುವಂಗಿ, ರಟ್ಟಿನ ಕನ್ನಡಕ. ಎದುರಿಗೆ ಸಂಗೀತದ ಹಾಳೆಗಳು, ಹಾಳೆಗಳ ಪಕ್ಕದಲ್ಲಿ ಉರಿಯುವ ದೀಪ. ಅವರು ಪಿಟೀಲುಗಳನ್ನು ಕರ್ಕಶವಾಗಿ ಉಜ್ಜುತ್ತಿದ್ದರೆ ನೆರೆದ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಆ ಗುಂಪಿನಲ್ಲಿ ನಗದೆ ನಿಂತಿದ್ದವನೊಬ್ಬ ತರುಣನಿದ್ದನು. ಅವರೇ ವ್ಯಾಲೆಂಟಿನ್ ಹೌಯಿ. ಸ್ಫಟಿಕಶಾಸ್ತ್ರದ ಪಿತಾಮಹರೆಂದು ಹೆಸರಾದ ಧರ್ಮಗುರು ರೆನೆ ಝೂಸ್ಟ್ ಹೌಯಿಯವರು ಇವರ ಅಣ್ಣನವರು. ಈ ಜನರಿಗೆ ನಿಜವಾಗಿ ಓದಲು ಕಲಿಸಬೇಕೆಂಬ ಸಂಕಲ್ಪವು ಅಂದೇ ಅವರ ಮನದಲ್ಲಿ ಮೂಡಿತು.

ಸಂಕಲ್ಪವು ಕೈಗೂಡಿದ್ದು 1784ರಲ್ಲಿ. ಪ್ಯಾರಿಸಿನ ಅತಿ ಪ್ರಾಚೀನ ದೇವಾಲಯಗಳಲ್ಲೊಂದಾದ ಸಾಂ ಜರ್ಮೇನ್ ದೆ ಪ್ರೆಯ ಬಾಗಿಲಲ್ಲಿ ಹದಿನೇಳರ ಪ್ರಾಯದ ಅಂಧ ಹುಡುಗನೊಬ್ಬನು ಭಿಕ್ಷೆ ಬೇಡುತ್ತಿದ್ದನು. ಅವನ ಹೆಸರು ಫ್ರಾನ್ಸ್ವಾ ಲೆಸ್ಯುಯರ್. ಹೌಯಿಯವರು ಅವನನ್ನು ಪಾಠಕ್ಕೆ ಕರೆದರು. ಹುಡುಗನಿಗೆ ಕಲಿಯುವ ಆಸೆಯೇನೋ ಇತ್ತು; ಆದರೆ ಪಾಠಕ್ಕೆ ಹೋದರೆ ಆ ದಿನದ ಭಿಕ್ಷೆ ತಪ್ಪುತ್ತಿತ್ತು. ಅವನು ತರುತ್ತಿದ್ದ ಕಾಸು ಮನೆಯವರಿಗೂ ಬೇಕಾಗಿತ್ತು. ಆಗ ಹೌಯಿಯವರು, ಭಿಕ್ಷೆಯಲ್ಲಿ ಬರುತ್ತಿದ್ದಷ್ಟು ಹಣವನ್ನು ತಮ್ಮ ಕೈಯಿಂದಲೇ ಕೊಡುವುದಾಗಿ ಒಪ್ಪಿ ಅವನನ್ನು ಶಿಷ್ಯನನ್ನಾಗಿ ಮಾಡಿಕೊಂಡರು.

ಈ ಸಣ್ಣ ಲೆಕ್ಕಾಚಾರವನ್ನು ನಾವು ಲಘುವಾಗಿ ಕಾಣಬಾರದು. ಅಂಧರ ಶಿಕ್ಷಣದ ಚರಿತ್ರೆಯು ಆರಂಭವಾದುದೇ ವಿದ್ಯೆಗೂ ಹೊಟ್ಟೆಪಾಡಿಗೂ ಇರುವ ಈ ಜಗ್ಗಾಟದಿಂದ. ಬಡವರ ಮನೆಯ ಹದಿನೇಳರ ಹುಡುಗನನ್ನು ಕಲಿಯಲು ಕರೆಯುವವರು ಅವನ ಮನೆಯ ಒಲೆಯನ್ನೂ ನೆನೆಯಬೇಕೆಂಬುದನ್ನು ಹೌಯಿಯವರು ಮೊದಲ ದಿನವೇ ಅರಿತಿದ್ದರು.

ಲೆಸ್ಯುಯರ್ ಕೆಲವೇ ತಿಂಗಳಲ್ಲಿ ಉಬ್ಬಿದ ಅಕ್ಷರಗಳನ್ನು ಬೆರಳಿನಿಂದ ಓದಲು ಕಲಿತನು. 1785ರಲ್ಲಿ ಹೌಯಿಯವರ ಶಾಲೆ ತಲೆಯೆತ್ತಿತು. 1786ರ ಕ್ರಿಸ್ತಜಯಂತಿಯ ದಿನಗಳಲ್ಲಿ ಅಲ್ಲಿಯ ಮಕ್ಕಳು ವರ್ಸೇಲ್ಸ್ ಅರಮನೆಯಲ್ಲಿ ಅರಸ ಹದಿನಾರನೆಯ ಲೂಯಿಯವರ ಮುಂದೆ ಓದಿ ತೋರಿಸಿದರು. ಓದಿನ ಜೊತೆಗೆ ನೂಲುವುದು, ಹೆಣೆಯುವುದು, ಅಚ್ಚುಮೊಳೆ ಜೋಡಿಸುವುದು ಮುಂತಾದ ಕೈಕಸುಬುಗಳನ್ನೂ ಕಲಿಸಲಾಯಿತು. ಅಂಧರ ಶಿಕ್ಷಣವನ್ನು ಕುರಿತು ಹೌಯಿಯವರು ಬರೆದ ಪುಸ್ತಕವನ್ನು ಅಚ್ಚಿನ ಮನೆಯಲ್ಲಿ ಮುದ್ರಿಸಿದವರು ಆ ಮಕ್ಕಳೇ. 1791ರಲ್ಲಿ ಶಾಲೆಯು ಸರ್ಕಾರದ ವಶಕ್ಕೆ ಬಂದಿತು.

ಆದರೆ ಉಬ್ಬಿದ ಅಕ್ಷರ ಓದಲು ಬಂದ ಮಾತ್ರಕ್ಕೆ ಯಾರೂ ಕೂಲಿ ಕೊಡುವುದಿಲ್ಲವಷ್ಟೆ. ಮಹಾಕ್ರಾಂತಿಯ ನಂತರದ ವರ್ಷಗಳಲ್ಲಿ ಶಾಲೆಯನ್ನು ಹಳೆಯ ಕಾಂಜ್ ವಾಂ ಧಾಮದೊಡನೆ ಕೂಡಿಸಿ ಮಕ್ಕಳನ್ನು ನೂಲು ನೇಯ್ಗೆಯ ದುಡಿತಕ್ಕೆ ಹಚ್ಚಿದಾಗ ವಿದ್ಯೆಯೂ ಸೊರಗಿತು. 1815ರಲ್ಲಿ ಶಾಲೆ ಮತ್ತೆ ಬೇರೆಯಾಯಿತು. ಅದಕ್ಕೆ ದೊರೆತ ಕಟ್ಟಡ ಸಾಂ ಫಿರ್ಮೆಂ ಎಂಬ ಹಳೆಯ ಗುರುಮಠ. ಸಂತ ವಿನ್ಸೆಂಟ್ ದೆ ಪಾವ್ಲರು 1625ರಲ್ಲಿ ತಮ್ಮ ಗುರುಸಭೆಯನ್ನು ಆರಂಭಿಸಿದ್ದು ಆ ಸ್ಥಳದಲ್ಲಿಯೇ. ಬಡವರ ಸಂತರು ನಡೆದಾಡಿದ ಆ ತೇವದ ಗೋಡೆಗಳ ನಡುವೆ ಅಂಧರ ಭಾಗ್ಯವು ಬದಲಾಗಬೇಕಾಗಿತ್ತು.

ಚುಕ್ಕೆಗಳಲ್ಲಿ ಮೂಡಿದ ಸ್ವರ

1819ರಲ್ಲಿ ಆ ಶಾಲೆಗೆ ಕೂಪ್ವ್ರೆ ಎಂಬ ಹಳ್ಳಿಯಿಂದ ಹತ್ತು ವರ್ಷದ ಬಾಲಕನೊಬ್ಬನು ಬಂದನು. ತಂದೆ ಕುದುರೆಯ ಜೀನು, ಲಗಾಮುಗಳನ್ನು ಮಾಡುವ ಚರ್ಮದ ಕುಶಲಕರ್ಮಿ. ಮೂರರ ಎಳವೆಯಲ್ಲಿ ತಂದೆಯ ಹತಾರದೊಡನೆ ಆಡುತ್ತಿದ್ದಾಗ ಕಣ್ಣಿಗೆ ಗಾಯವಾಗಿ, ನಂಜು ಎರಡನೆಯ ಕಣ್ಣಿಗೂ ಹಬ್ಬಿ, ಮಗು ಪೂರ್ಣ ಅಂಧವಾಗಿತ್ತು. ಆ ಹಳ್ಳಿಯ ವಿಚಾರಣೆ ಗುರುಗಳಾದ ಫಾದರ್ ಪಲ್ವೀಯವರು ಮಗುವಿಗೆ ತಾವೇ ಪಾಠ ಹೇಳಿದರು. ಹಳ್ಳಿಯ ಶಾಲೆಗೆ ಸೇರಿಸಿದರು. ಪ್ಯಾರಿಸಿನ ಶಾಲೆಗೆ ಕಳುಹಿಸಲೂ ನೆರವಾದರು. ಆ ಬಾಲಕನೇ ಲೂಯಿ ಬ್ರೈಲ್.

ಸೈನ್ಯಾಧಿಕಾರಿ ಬಾರ್ಬಿಯೆ ಎಂಬುವರು ರೂಪಿಸಿದ್ದ ಹನ್ನೆರಡು ಚುಕ್ಕೆಗಳ ಬರಹವನ್ನು ಪರಿಷ್ಕರಿಸಿ, ಬೆರಳ ತುದಿಗೆ ಒಮ್ಮೆಗೇ ಎಟಕುವ ಆರು ಚುಕ್ಕೆಗಳ ಲಿಪಿಯನ್ನು ಬ್ರೈಲರು ತಮ್ಮ ಹದಿನೈದನೆಯ ವಯಸ್ಸಿನಲ್ಲಿ ರಚಿಸಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. 1829ರಲ್ಲಿ ಪ್ರಕಟವಾದ ಅವರ ಪುಸ್ತಕದ ಶೀರ್ಷಿಕೆಯಲ್ಲಿಯೇ ಮಾತು, ಸಂಗೀತ ಹಾಗೂ ಪೂಜೆಯ ಸರಳಗಾನ ಈ ಮೂರನ್ನೂ ಚುಕ್ಕೆಗಳಲ್ಲಿ ಬರೆಯುವ ವಿಧಾನವೆಂದು ಹೇಳಲಾಗಿತ್ತು. ದೇವಾಲಯದಲ್ಲಿ ಹಾಡುವ ಸ್ವರಗಳಿಗೂ ಮೊದಲಿನಿಂದಲೇ ಚುಕ್ಕೆಯ ರೂಪವಿತ್ತೆಂದಾಯಿತು. ಇದು ಕಾಕತಾಳೀಯವಲ್ಲ. 1821ರಿಂದ 1840ರವರೆಗೆ ನಿರ್ದೇಶಕರಾಗಿದ್ದ, ದೈವಭಕ್ತರಾದ ಪಿನ್ಯೆಯವರ ಕಾಲದಲ್ಲಿ ಆರ್ಗನ್ ವಾದನದ ಶಿಕ್ಷಣಕ್ಕೆ ವಿಶೇಷ ಗಮನ ದೊರೆಯಿತು. ಆ ಕಾಲದ ಪ್ಯಾರಿಸಿನಲ್ಲಿ ಪ್ರತಿ ಧರ್ಮಕೇಂದ್ರಕ್ಕೂ ಒಬ್ಬ ಆರ್ಗನ್ ವಾದಕ ಬೇಕಾಗಿದ್ದನು; ಆ ಹುದ್ದೆಗೆ ವೇತನವಿತ್ತು, ಸ್ಥಾನವಿತ್ತು, ಗೌರವವಿತ್ತು. ಕಣ್ಣಿಲ್ಲದವನ ಕಿವಿಯೂ ಬೆರಳೂ ಅಲ್ಲಿ ಯಾರಿಗೂ ಕಡಿಮೆಯಾಗುವಂತಿರಲಿಲ್ಲ.

1834ರಲ್ಲಿ ಬ್ರೈಲರೇ ಸಾಂ ನಿಕೊಲಾ ದೆ ಶಾಂ ದೇವಾಲಯದ ಆರ್ಗನ್ ವಾದಕರಾಗಿ ನೇಮಕಗೊಂಡರು. ಅವರ ಆಪ್ತ ಗೆಳೆಯ ಗಾಬ್ರಿಯೆಲ್ ಗೋತಿಯೆ ಸಾಂತ್ ಎತಿಯೆನ್ ದ್ಯು ಮೊಂ ದೇವಾಲಯದಲ್ಲಿ ಅದೇ ಹುದ್ದೆಯನ್ನು ಪಡೆದರು. ಯಾರ ಅಜ್ಜಂದಿರಿಗೆ ದೇವಾಲಯದ ಬಾಗಿಲಲ್ಲಿ ಕೈಚಾಚುವುದೇ ಹಕ್ಕಾಗಿದ್ದಿತೋ ಅಂಥವರು ಈಗ ಅದೇ ದೇವಾಲಯಗಳ ಮೇಲಂತಸ್ತಿಗೆ ಏರಿ, ಬಲಿಪೂಜೆಯಲ್ಲಿ ಇಡೀ ಭಕ್ತಸಮೂಹದ ಗಾನವನ್ನು ನಡೆಸತೊಡಗಿದರು.

ಬ್ರೈಲರು ಕ್ಷಯರೋಗಕ್ಕೆ ತುತ್ತಾಗಿ 1852ರ ಜನವರಿ 6ರಂದು ನಿಧನರಾದರು. ಅವರ ಲಿಪಿಯನ್ನು ಶಾಲೆಯು ಅಧಿಕೃತವಾಗಿ ಅಂಗೀಕರಿಸಿದ್ದು ಎರಡು ವರ್ಷಗಳ ಅನಂತರ, 1854ರಲ್ಲಿ.

ತಾವಾಗಿ ಕಲಿತ ಕಸುಬು

ಎಲ್ಲರೂ ಆರ್ಗನ್ ವಾದಕರಾಗಲಾರರು. ದೇವಾಲಯಗಳೂ ಎಣಿಕೆಗೆ ಸಿಗುವಷ್ಟೇ. ಈ ಕೊರತೆಯನ್ನು ನೀಗಲು ಎರಡನೆಯ ದಾರಿಯೊಂದನ್ನು ತೆರೆದವರು ಶಾಲೆಯ ಅಧಿಕಾರಿಗಳಲ್ಲ, ಒಬ್ಬ ವಿದ್ಯಾರ್ಥಿ. 1800ರಲ್ಲಿ ಹುಟ್ಟಿದ ಕ್ಲೋದ್ ಮೊಂತಾಲ್ ಬ್ರೈಲರಿಗಿಂತ ಒಂಬತ್ತು ವರ್ಷ ಹಿರಿಯರು. ಶಾಲೆಯ ಪಿಯಾನೊಗಳ ಶ್ರುತಿ ಸರಿಯಿಲ್ಲವೆಂದು ತೋರಿದಾಗ ಅವರೂ ಅವರ ಸಹಪಾಠಿಯೂ ತಾವೇ ತಂತಿಗಳನ್ನು ಬಿಗಿದು ಸರಿಪಡಿಸಿದರು. ವಾಡಿಕೆಯಂತೆ ಶ್ರುತಿ ಮಾಡಲು ಬರುತ್ತಿದ್ದ ಕಣ್ಣುಳ್ಳ ಕೆಲಸಗಾರನು ಇದರ ಮೇಲೆ ದೂರು ಕೊಟ್ಟನು. ಹುಡುಗರು ಪಿಯಾನೊದ ಒಳಗೆ ಕೈಹಾಕಕೂಡದೆಂದು ಆಜ್ಞೆಯಾಯಿತು. ಅವರು ಎದೆಗುಂದಲಿಲ್ಲ. ಒಂದು ಹಳೆಯ ಪಿಯಾನೊವನ್ನು ಸಂಪಾದಿಸಿ, ಬಿಡಿಬಿಡಿಯಾಗಿ ಬಿಚ್ಚಿ, ಒಂದೊಂದು ಭಾಗವನ್ನೂ ಬೆರಳಿನಿಂದ ಅರಿತು, ಮತ್ತೆ ಜೋಡಿಸಿದರು. ಕಡೆಗೆ ಶಾಲೆಯ ವಾದ್ಯಗಳ ಉಸ್ತುವಾರಿಯೇ ಅವರ ಪಾಲಿಗೆ ಬಂದಿತು.

ನಿಜವಾದ ಪರೀಕ್ಷೆ ಶಾಲೆಯ ಹೊರಗೆ ಕಾದಿತ್ತು. 1830ರಲ್ಲಿ ಮೊಂತಾಲ್ ಶಾಲೆಯನ್ನು ಬಿಟ್ಟು ನಗರದಲ್ಲಿ ಸ್ವತಂತ್ರವಾಗಿ ಕೆಲಸಕ್ಕೆ ನಿಂತರು. ಬೆಲೆಬಾಳುವ ವಾದ್ಯವನ್ನು ಅಂಧನ ಕೈಗೆ ಒಪ್ಪಿಸಲು ಯಾರಿಗೂ ಧೈರ್ಯವಿಲ್ಲ. ಕೆಲಸ ಬರುವವರೆಗೆ ಹೆಸರಿಲ್ಲ; ಹೆಸರು ಬರುವವರೆಗೆ ಕೆಲಸವಿಲ್ಲ. ಈ ಗಂಟನ್ನು ಬಿಡಿಸಿದವರು ಪ್ಯಾರಿಸಿನ ಸಂಗೀತ ವಿದ್ಯಾಲಯದ ಒಬ್ಬ ಅಧ್ಯಾಪಕರು. ಅವರು ತಮ್ಮ ಪಿಯಾನೊಗಳನ್ನು ಮೊಂತಾಲ್ ಅವರ ಕೈಗೊಪ್ಪಿಸಿ, ಕೆಲಸವನ್ನು ಮೆಚ್ಚಿ, ಇತರರಿಗೂ ಹೇಳಿದರು. 1836ರಲ್ಲಿ ಮೊಂತಾಲ್ ಪಿಯಾನೊ ಶ್ರುತಿಯ ಶಾಸ್ತ್ರವನ್ನು ಕುರಿತು ಪುಸ್ತಕವನ್ನೇ ಬರೆದರು. ಮುಂದೆ ಸ್ವಂತ ಕಾರ್ಯಾಗಾರದಲ್ಲಿ ಪಿಯಾನೊಗಳನ್ನು ತಯಾರಿಸಿದರು. ಅವರು ಹಾಕಿದ ಹಾದಿಯಲ್ಲಿ ಮುಂದಿನ ನೂರು ವರ್ಷಗಳ ಕಾಲ ಅನೇಕ ದೇಶಗಳ ಅಂಧ ತರುಣರು ನಡೆದು ಸಂಸಾರ ಸಾಗಿಸಿದರು. ಇಂಗ್ಲೆಂಡಿನಲ್ಲಿ ದೃಷ್ಟಿಯನ್ನು ಕಳೆದುಕೊಂಡಿದ್ದ ವೈದ್ಯ ಥಾಮಸ್ ಆರ್ಮಿಟೇಜ್ ಅವರು ಪ್ಯಾರಿಸಿನ ಮಾದರಿಯನ್ನು ಕಂಡು, ಅಮೆರಿಕದ ಅಂಧ ಸಂಗೀತಗಾರ ಫ್ರಾನ್ಸಿಸ್ ಕ್ಯಾಂಪ್‌ಬೆಲ್ ಅವರ ಜೊತೆಗೂಡಿ 1872ರಲ್ಲಿ ಲಂಡನ್ನಿನಲ್ಲಿ ಅಂಥದೇ ವಿದ್ಯಾಲಯವನ್ನು ಆರಂಭಿಸಿದರು.

ಶಾಲೆಯ ಆಚೆಗಿನ ದಡ

ಮೊಂತಾಲರಿಗೆ ಒಬ್ಬ ಅಧ್ಯಾಪಕರು ಸಿಕ್ಕರು. ಸಿಗದವರ ಗತಿಯೇನು? ಇದಕ್ಕೆ ಉತ್ತರವನ್ನು ಹುಡುಕಿದವರಲ್ಲಿ ಇಬ್ಬರನ್ನು ಇಲ್ಲಿ ಸ್ಮರಿಸಲೇಬೇಕು. ಮೊದಲನೆಯವರು ಆನ್ ಬೆರ್ಗ್ಯುನಿಯೊಂ. ಬಡ ಹುಡುಗಿಯರಿಗೆ ಹೊಲಿಗೆಯ ಕೆಲಸ ಕಲಿಸುತ್ತಿದ್ದ ಈ ಮಹಿಳೆ, ಎಲ್ಲಿಯೂ ನೆಲೆ ಕಾಣದ ಅಂಧ ಹುಡುಗಿಯರನ್ನು ತಮ್ಮ ಮನೆಗೆ ಸೇರಿಸಿಕೊಂಡರು. ಅಂಧೆಯೆಂಬ ಕಾರಣಕ್ಕೆ ಕನ್ಯಾಮಠಗಳ ಬಾಗಿಲೂ ಅಂಥವರಿಗೆ ಮುಚ್ಚಿರುತ್ತಿದ್ದ ಕಾಲವದು. 1850ರ ದಶಕದಲ್ಲಿ ಆ ಮನೆಯೇ ‘ಸಂತ ಪೌಲರ ಅಂಧ ಸಹೋದರಿಯರು’ ಎಂಬ ಕನ್ಯಾಸ್ತ್ರೀಯರ ಸಭೆಯಾಯಿತು. ಅಲ್ಲಿ ಕಣ್ಣುಳ್ಳವರೂ ಇಲ್ಲದವರೂ ಒಂದೇ ವ್ರತವನ್ನು ತೊಟ್ಟು ಒಟ್ಟಿಗೆ ಬಾಳಿದರು, ಒಟ್ಟಿಗೆ ದುಡಿದರು.

ಎರಡನೆಯವರು ಮೋರಿಸ್ ದೆ ಲ ಸಿಜರಾನ್. ಒಂಬತ್ತನೆಯ ವಯಸ್ಸಿನಲ್ಲಿ ಅಪಘಾತದಿಂದ ಅಂಧರಾಗಿ, ಪ್ಯಾರಿಸಿನ ಶಾಲೆಯಲ್ಲಿಯೇ ಓದಿದ ಅವರು 1889ರಲ್ಲಿ ವ್ಯಾಲೆಂಟಿನ್ ಹೌಯಿಯವರ ಹೆಸರಿನಲ್ಲಿ ಒಂದು ಸಂಘವನ್ನು ಕಟ್ಟಿದರು. ಅದು ಇಂದಿಗೂ ಕೆಲಸ ಮಾಡುತ್ತಿದೆ. ಶಾಲೆ ಬಿಟ್ಟ ಯುವಕನಿಗೆ ಯಾವ ಊರಿನ ದೇವಾಲಯದಲ್ಲಿ ವಾದಕನ ಹುದ್ದೆ ತೆರವಾಗಿದೆ, ಎಲ್ಲಿ ಶ್ರುತಿಗಾರನ ಅಗತ್ಯವಿದೆ ಎಂದು ವಿಚಾರಿಸಿ ಹೇಳುವುದು, ಪರಿಚಯಪತ್ರ ಕೊಡುವುದು, ಉಪಕರಣಗಳನ್ನು ಒದಗಿಸುವುದು, ಕಷ್ಟಕಾಲದಲ್ಲಿ ಕೈಹಿಡಿಯುವುದು, ಇಂಥ ಕೆಲಸಗಳಿಗೆ ಆ ಸಂಘ ನಿಂತಿತು. ಶಾಲೆಯು ಒಂದು ದಡ, ದುಡಿಮೆಯು ಇನ್ನೊಂದು ದಡ. ನಡುವಣ ಹೊಳೆಯನ್ನು ಒಬ್ಬಂಟಿಯಾಗಿ ದಾಟುವವರು ವಿರಳವೆಂಬುದನ್ನು ಸ್ವತಃ ದಾಟಿದವರೇ ಚೆನ್ನಾಗಿ ಬಲ್ಲರು.

ಈ ಎಲ್ಲ ಪರಿಶ್ರಮದ ಫಲವನ್ನು ಇಪ್ಪತ್ತನೆಯ ಶತಮಾನ ಕಂಡಿತು. ಅದೇ ಶಾಲೆಯಲ್ಲಿ ಕಲಿತ, ಬಹುಮಟ್ಟಿಗೆ ಅಂಧರಾಗಿದ್ದ ಲೂಯಿ ವಿಯೆರ್ನ್ 1900ರಲ್ಲಿ ಸ್ಪರ್ಧೆಯಲ್ಲಿ ಗೆದ್ದು ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯದ ಆರ್ಗನ್ ವಾದಕರಾದರು. ಮೂವತ್ತೇಳು ವರ್ಷ ಆ ಪೀಠದಲ್ಲಿ ಕುಳಿತು, 1937ರ ಜೂನ್ 2ರಂದು ಕಛೇರಿಯ ನಡುವೆ ಅಲ್ಲಿಯೇ ಕೊನೆಯುಸಿರೆಳೆದರು. ಕಲ್ಲುಕುಟಿಗನ ಮಗನಾದ ಅಂಧ ಝಾಂ ಲಾಂಗ್ಲೆ 1945ರಿಂದ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಸಾಂತ್ ಕ್ಲೊತಿಲ್ದ್ ದೇವಾಲಯದಲ್ಲಿ ವಾದಕರಾಗಿದ್ದರು.

ಆದರೆ ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾಗುವ ಹೆಸರು ಬೇರೊಂದು. ಹುಟ್ಟು ಅಂಧರಾಗಿದ್ದ ಆಂದ್ರೆ ಮಾರ್ಶಾಲ್ 1915ರಿಂದ 1945ರವರೆಗೆ ಆರ್ಗನ್ ವಾದಕರಾಗಿದ್ದುದು ಸಾಂ ಜರ್ಮೇನ್ ದೆ ಪ್ರೆ ದೇವಾಲಯದಲ್ಲಿ. ಅವರಿಗಿಂತ ಮುಂಚೆ ಆ ಪೀಠದಲ್ಲಿದ್ದ ಓಗುಸ್ತೆಂ ಬಾರಿಯೆಯವರೂ ಅಂಧರೇ. 1784ರಲ್ಲಿ ಯಾವ ದೇವಾಲಯದ ಬಾಗಿಲಲ್ಲಿ ಲೆಸ್ಯುಯರ್ ಎಂಬ ಅಂಧ ಹುಡುಗನು ಭಿಕ್ಷೆ ಬೇಡುತ್ತಿದ್ದನೋ ಅದೇ ದೇವಾಲಯವಿದು. ಬಾಗಿಲಿನಿಂದ ಆರ್ಗನ್ ಇರುವ ಅಟ್ಟಕ್ಕೆ ಕೆಲವು ಮೆಟ್ಟಿಲುಗಳಷ್ಟೇ ಇರಬಹುದು. ಅವುಗಳನ್ನು ಹತ್ತಲು ಅಂಧರಿಗೆ ನೂರಕ್ಕೂ ಮಿಗಿಲಾದ ವರ್ಷಗಳು ಹಿಡಿದವು.

ಚರಿತ್ರೆಯ ಇನ್ನೊಂದು ಮುಖ

ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಚರಿತ್ರೆಗೆ ಅಪಚಾರ ಮಾಡಿದಂತಾಗುತ್ತದೆ. ಪ್ರತಿಭಾವಂತರಾದ ಕೆಲವರು ಆರ್ಗನ್ ಪೀಠವನ್ನೇರಿದರು. ಆ ಪ್ರತಿಭೆಯಿಲ್ಲದ ಬಹುಮಂದಿ ಬ್ರಷ್ ಕಟ್ಟುತ್ತ, ಬೆತ್ತದ ಕುರ್ಚಿ ಹೆಣೆಯುತ್ತ, ಅರೆಹೊಟ್ಟೆಯ ಕೂಲಿಯಲ್ಲಿ ದಿನ ನೂಕಿದರು. ಅಂಧನೆಂದರೆ ಸಂಗೀತ ಇಲ್ಲವೆ ಬೆತ್ತ ಎಂಬ ಕಟ್ಟುಪಾಡು ಬೆಳೆಯಿತು. ಒಂದೇ ಕಸುಬನ್ನು ನಂಬಿದವರಿಗೆ ಆ ಕಸುಬು ಬತ್ತಿದಾಗ ದಿಕ್ಕಿಲ್ಲದಂತಾಯಿತು. ಪಿಯಾನೊ ಮನೆಮನೆಯಿಂದ ಮರೆಯಾದಂತೆ ಶ್ರುತಿಗಾರರ ಗಿರಾಕಿ ಕುಗ್ಗಿತು. ನಮ್ಮ ದೇಶದಲ್ಲಿ ಅನೇಕ ಅಂಧ ಪದವೀಧರರಿಗೆ ಬ್ಯಾಂಕು, ಕಚೇರಿಗಳಲ್ಲಿ ಟೆಲಿಫೋನ್ ಆಪರೇಟರ್ ಹುದ್ದೆ ಅನ್ನ ಕೊಟ್ಟಿತ್ತು. ಸ್ವಯಂಚಾಲಿತ ಯಂತ್ರಗಳು ಬಂದ ಮೇಲೆ ಆ ಹುದ್ದೆಯೂ ಅಳಿಯಿತು. ಆದುದರಿಂದ ವೈಕಲ್ಯವನ್ನು ನೋಡಿ ಕಸುಬನ್ನು ಗೊತ್ತುಮಾಡುವುದು ಸಲ್ಲದು. ಎದುರಿಗಿರುವ ಹುಡುಗನ ಅಥವಾ ಹುಡುಗಿಯ ಒಲವನ್ನೂ, ಊರಿನಲ್ಲಿ ನಿಜವಾಗಿ ದೊರೆಯುವ ಕೆಲಸವನ್ನೂ ನೋಡಿ ಕಲಿಸಬೇಕೆಂಬುದು ಈ ಚರಿತ್ರೆಯ ಕಹಿ ಪಾಠ.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಈ ಕಾರ್ಯವು ಮಿಷನರಿಗಳಿಂದ ಆರಂಭವಾಯಿತೆಂಬುದನ್ನು ಹೆಮ್ಮೆಯಿಂದಲೂ ವಿನಯದಿಂದಲೂ ನೆನೆಯಬಹುದು. ಕಿವುಡ ಮಕ್ಕಳ ಮೊದಲ ಶಾಲೆಯನ್ನು 1880ರ ದಶಕದಲ್ಲಿ ಮುಂಬಯಿಯಲ್ಲಿ ತೆರೆಯಲು ಕಾರಣರಾದವರು ಅಲ್ಲಿಯ ಕಥೋಲಿಕ ಧರ್ಮಾಧ್ಯಕ್ಷರಾಗಿದ್ದ, ಯೇಸುಸಭೆಯ ಲಿಯೋ ಮ್ಯೂರಿನ್. ಅಂಧರ ಮೊದಲ ಶಾಲೆಯನ್ನು 1887ರಲ್ಲಿ ಅಮೃತಸರದಲ್ಲಿ ಆಂಗ್ಲಿಕನ್ ಸಭೆಯ ಸೇವಕಿ ಆನಿ ಶಾರ್ಪ್ ಆರಂಭಿಸಿದರು. ನಮ್ಮ ಮೈಸೂರಿನಲ್ಲಿ ಕಿವುಡ ಹಾಗೂ ಅಂಧ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ತೆರೆಯಿತು. ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಏಕರೂಪದ ಬ್ರೈಲ್ ಲಿಪಿ 1951ರಲ್ಲಿ ಸಿದ್ಧವಾಯಿತು. ಕನ್ನಡದ ಅಂಧ ಮಕ್ಕಳು ಇಂದು ಓದುವುದು ಆ ಚುಕ್ಕೆಗಳನ್ನೇ.

ಪ್ಯಾರಿಸಿನ ಕಥೆಯನ್ನು ಓದುವ ಕನ್ನಡಿಗನಿಗೆ ಗದಗಿನ ನೆನಪಾಗದಿರದು. ಸ್ವತಃ ಅಂಧರಾಗಿದ್ದ ಪಂಡಿತ ಪಂಚಾಕ್ಷರಿ ಗವಾಯಿಗಳು (1892–1944) ಅಂಧ, ಅನಾಥ ಬಾಲಕರನ್ನು ಕೂಡಿಸಿಕೊಂಡು ಊರೂರು ಅಲೆದು ಸಂಗೀತ ಕಲಿಸಿದರು. ಅವರು ಕಟ್ಟಿದ ವೀರೇಶ್ವರ ಪುಣ್ಯಾಶ್ರಮವನ್ನು ಅವರ ಶಿಷ್ಯರೂ ಅಂಧರೂ ಆದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದರು. ಜೋಳಿಗೆಯಲ್ಲಿ ಬಂದ ಧಾನ್ಯದಿಂದಲೂ, ನಾಟಕ ಕಂಪನಿಯ ಗಳಿಕೆಯಿಂದಲೂ ನೂರಾರು ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕಲಿಸಿದ ಆ ಗುರುಗಳ ಶಿಷ್ಯರು ನಾಡಿನ ಉದ್ದಗಲಕ್ಕೂ ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ಹಾರ್ಮೋನಿಯಂ ತಬಲಾ ವಾದಕರಾಗಿ ಬಾಳುತ್ತಿದ್ದಾರೆ. ಮತ ಬೇರೆಯಾದರೂ ಮಾರ್ಗ ಒಂದೇ: ಅಂಧನು ಅಂಧನ ಕೈಹಿಡಿದು ಕಸುಬಿನ ಮನೆಗೆ ನಡೆಸಿದ ಮಾರ್ಗ.

ಬೆಂಗಳೂರಿನಲ್ಲಿ 1959ರಲ್ಲಿ, ತಾವೇ ಅಂಗವೈಕಲ್ಯವನ್ನು ಅನುಭವಿಸಿದ್ದ ಎನ್. ಎಸ್. ಹೇಮಾ ಅವರು ಆರಂಭಿಸಿದ ಅಂಗವಿಕಲರ ಸಂಸ್ಥೆ ಯಂತ್ರಗಳ ಕೆಲಸ, ತೋಟಗಾರಿಕೆ ಮುಂತಾದ ತರಬೇತಿಗಳನ್ನು ನೀಡುತ್ತ ಬಂದಿದೆ. ಕುಷ್ಠರೋಗದಿಂದ ನೊಂದು ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದವರಿಗಾಗಿ ಬೆಂಗಳೂರು ಮಹಾಧರ್ಮಕ್ಷೇತ್ರವು ರಾಜ್ಯ ಸರ್ಕಾರದ ಸಹಕಾರದೊಡನೆ 1970ರ ದಶಕದಲ್ಲಿ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಕೇಂದ್ರವೊಂದನ್ನು ತೆರೆದು, ಚಿಕಿತ್ಸೆಯ ಜೊತೆಗೆ ಚರ್ಮದ ಕೆಲಸ, ಹೊಲಿಗೆ ಮುಂತಾದ ಕಸುಬುಗಳನ್ನೂ ಕಲಿಸಿತು.

ಕಾನೂನೂ ಧರ್ಮಸಭೆಯೂ

ಸರ್ಕಾರಗಳೂ ಕೈಕಟ್ಟಿ ಕುಳಿತಿಲ್ಲ. ಅಂಗವಿಕಲರಿಗಾಗಿಯೇ ಮೀಸಲಾದ ಮೊದಲ ಉದ್ಯೋಗ ವಿನಿಮಯ ಕೇಂದ್ರ 1959ರಲ್ಲಿ ಮುಂಬಯಿಯಲ್ಲಿ ತೆರೆಯಿತು. 1977ರಲ್ಲಿ ಕೇಂದ್ರ ಸರ್ಕಾರವು ತನ್ನ ಕೆಳವರ್ಗದ ಹುದ್ದೆಗಳಲ್ಲಿ ಶೇ. 3ರಷ್ಟನ್ನು ಅವರಿಗೆ ಕಾದಿರಿಸಿತು. 1995ರ ಕಾಯಿದೆ ಆ ಮೀಸಲಾತಿಗೆ ಶಾಸನದ ಬಲ ಕೊಟ್ಟಿತು. ಇಂದು ಜಾರಿಯಲ್ಲಿರುವ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ಹುದ್ದೆಗಳಲ್ಲಿ ಶೇ. 4ರ ಮೀಸಲಾತಿಯನ್ನು ವಿಧಿಸಿದೆ. ಕಾಯಿದೆಯು ಗೊತ್ತುಪಡಿಸಿದ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ ಆರರಿಂದ ಹದಿನೆಂಟರ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಆದರೆ ಹದಿನೆಂಟು ತುಂಬಿದ ಮರುದಿನ ಆ ಮಗುವಿನ ಗತಿಯೇನೆಂಬ ಪ್ರಶ್ನೆಗೆ ಕಾಯಿದೆಯ ಹಾಳೆಗಳಲ್ಲಿ ಪೂರ್ಣ ಉತ್ತರವಿಲ್ಲ. ಸರ್ಕಾರಿ ಹುದ್ದೆಗಳು ಕೆಲವೇ, ಕಾಯುವವರು ಸಾವಿರಾರು. ಬಹುಪಾಲು ಜನ ದುಡಿಯುವುದು ಅಂಗಡಿ, ಕಾರ್ಖಾನೆ, ತೋಟ, ಖಾಸಗಿ ಕಚೇರಿಗಳಲ್ಲಿ. ಅಲ್ಲಿಯ ಬಾಗಿಲನ್ನು ತೆರೆಯಬೇಕಾದವರು ನಮ್ಮಂಥವರೇ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸಂದೇಹಕ್ಕೆ ಎಡೆಗೊಡುವುದಿಲ್ಲ. ವಿಶ್ವಸಂಸ್ಥೆಯು 1981ನ್ನು ಅಂಗವಿಕಲರ ಅಂತರರಾಷ್ಟ್ರೀಯ ವರ್ಷವೆಂದು ಸಾರಿತ್ತು. ಅದೇ ವರ್ಷದ ಸೆಪ್ಟೆಂಬರ್ 14ರಂದು ಜಗದ್ಗುರು ಎರಡನೆಯ ಜಾನ್ ಪಾವ್ಲರು, 2014ರಲ್ಲಿ ಸಂತಪದವಿಗೇರಿದವರು, ಮಾನವನ ದುಡಿಮೆಯನ್ನು ಕುರಿತ ‘ಲಬೋರೆಮ್ ಎಕ್ಸೆರ್ಚೆನ್ಸ್’ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಅದರ 22ನೆಯ ಪರಿಚ್ಛೇದ ಅಂಗವಿಕಲರ ದುಡಿಮೆಗೇ ಮೀಸಲಾಗಿದೆ. ಅವರೂ ಸಕಲ ಹಕ್ಕುಗಳುಳ್ಳ ಪೂರ್ಣ ಮಾನವರು. ಅವರವರ ಶಕ್ತಿಗೆ ತಕ್ಕ ಕೆಲಸವನ್ನು ಒದಗಿಸುವುದು ಸಮಾಜದ ಹೊಣೆ. ಕೈಕಾಲು ಗಟ್ಟಿಯಿರುವವರಿಗೆ ಮಾತ್ರ ದುಡಿಮೆಯಲ್ಲಿ ಪಾಲು ಕೊಡುವುದು ಮನುಷ್ಯತ್ವಕ್ಕೇ ಕುಂದು ಎಂಬುದು ಅದರ ಸಾರಾಂಶ. ದುಡಿಮೆಯು ಮನುಷ್ಯನನ್ನು ಮನುಷ್ಯನನ್ನಾಗಿಸುವುದೆಂದು ನಂಬುವ ನಾವು, ಒಬ್ಬ ತರುಣನಿಗೆ ದುಡಿಮೆಯನ್ನು ನಿರಾಕರಿಸಿ ಕೈಗೆ ಕಾಸು ಕೊಟ್ಟರೆ ಅವನಿಗೆ ಅರ್ಧವನ್ನೇ ಕೊಟ್ಟಂತಾಗುತ್ತದೆ.

ನಮ್ಮ ಮುಂದಿರುವ ಕೆಲಸ

ಪ್ಯಾರಿಸಿನ ಚರಿತ್ರೆಯನ್ನು ಮತ್ತೊಮ್ಮೆ ಅವಲೋಕಿಸೋಣ. ಅಲ್ಲಿ ಶಾಲೆಯಿತ್ತು, ಲಿಪಿಯಿತ್ತು, ಪ್ರತಿಭೆಯಿತ್ತು. ಇಷ್ಟಿದ್ದರೂ ಕೊನೆಯ ಹೆಜ್ಜೆಯನ್ನು ಸಾಧ್ಯವಾಗಿಸಿದ್ದು ಬೇರೊಂದು ನಿರ್ಧಾರ. ಯಾವುದೋ ಧರ್ಮಕೇಂದ್ರದ ವಿಚಾರಣೆ ಗುರುಗಳೂ ಪಾಲನಾ ಮಂಡಳಿಯವರೂ ಕುಳಿತು, ‘ಈ ಹುದ್ದೆಗೆ ಈ ಅಂಧ ಯುವಕನನ್ನೇ ನೇಮಿಸೋಣ, ಇತರರಿಗೆ ಕೊಡುವ ವೇತನವನ್ನೇ ಕೊಡೋಣ’ ಎಂದು ತೀರ್ಮಾನಿಸಿದ ದಿನ ಸೇತುವೆ ಪೂರ್ಣವಾಯಿತು. ಮೊಂತಾಲರ ಪಾಲಿಗೆ ಆ ಮಾತನ್ನು ಆಡಿದವರು ಒಬ್ಬ ಗೃಹಸ್ಥರು. ಆ ಮಾತನ್ನು ಆಡಲು ನಮ್ಮ ಧರ್ಮಕೇಂದ್ರಕ್ಕೂ ಶಕ್ತಿಯಿದೆ.

ನಮ್ಮ ಧರ್ಮಕೇಂದ್ರದಂಥ ಎಲ್ಲ ಕಡೆಯೂ ಎಸ್.ಎಸ್.ಎಲ್.ಸಿ.ಯನ್ನೋ ಪಿ.ಯು.ಸಿ.ಯನ್ನೋ ಮುಗಿಸಿ ಮನೆಯ ಮೂಲೆಯಲ್ಲಿ ಕುಳಿತ ಅಂಧ, ಕಿವುಡ, ಬುದ್ಧಿಮಾಂದ್ಯ ತರುಣ ತರುಣಿಯರಿದ್ದಾರೆ. ಶಾಲೆಗೆ ಹೋಗುತ್ತಿದ್ದಾಗ ಅವರಿಗೆ ದಿನಕ್ಕೊಂದು ಗುರಿಯಿತ್ತು, ಗೆಳೆಯರಿದ್ದರು. ಶಾಲೆ ಮುಗಿದೊಡನೆ ಅದೆಲ್ಲವೂ ನಿಂತುಹೋಯಿತು. ‘ನಾವು ಕಣ್ಣುಮುಚ್ಚಿದ ಮೇಲೆ ಈ ಮಗುವಿನ ಗತಿಯೇನು’ ಎಂಬ ಚಿಂತೆಯನ್ನು ಅವರ ತಂದೆತಾಯಿಗಳು ಪ್ರತಿ ಭಾನುವಾರ ಪೀಠದ ಮುಂದೆ ಮೊಣಕಾಲೂರಿ ಹೇಳಿಕೊಳ್ಳುತ್ತಾರೆ. ಆ ಪ್ರಾರ್ಥನೆಯನ್ನು ಕೇಳಿಸಿಕೊಳ್ಳಬೇಕಾದವನು ದೇವರೊಬ್ಬನೇ ಅಲ್ಲ. ಪಕ್ಕದ ಬೆಂಚಿನಲ್ಲಿ ಕುಳಿತಿರುವ ಅಂಗಡಿಯ ಒಡೆಯರೂ, ಮುದ್ರಣಾಲಯದವರೂ, ಶಾಲೆಯ ವ್ಯವಸ್ಥಾಪಕರೂ ಕೇಳಿಸಿಕೊಳ್ಳಬೇಕು.

ಹಾಗಾದರೆ ಮಾಡಬೇಕಾದುದೇನು? ಮೊದಲು, ಇಂಥ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ ಎಂದು ಮನೆಮನೆಗೆ ಹೋಗಿ ಅರಿಯಬೇಕು. ಶಾಲೆ ಮುಗಿಯುವ ಎರಡು ಮೂರು ವರ್ಷ ಮುಂಚೆಯೇ ಅವರೊಡನೆ ಕುಳಿತು, ಅವರಿಗೇನು ಇಷ್ಟವೆಂದು ಅವರನ್ನೇ ಕೇಳಬೇಕು. ರಜಾದಿನಗಳಲ್ಲಿ ಅಂಗಡಿ, ಕಚೇರಿಗಳಲ್ಲಿ ಕೆಲಸದ ರುಚಿ ತೋರಿಸಬೇಕು. ಕಲಿಯುವ ತಿಂಗಳುಗಳಲ್ಲಿ ಬಡ ಮನೆಗೆ ಆಗುವ ನಷ್ಟವನ್ನು ಹೌಯಿಯವರಂತೆ ತುಂಬಿಕೊಡಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ಜೊತೆಗೊಬ್ಬ ಹಿರಿಯರು ನಿಲ್ಲಬೇಕು. ಕಂಪ್ಯೂಟರಿನ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳು ಇಂದು ಕನ್ನಡವನ್ನೂ ಓದುತ್ತವೆ. ಅಂಥವುಗಳಲ್ಲೊಂದಾದ ಎನ್‌ವಿಡಿಎಯನ್ನು 2006ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಅಂಧ ತರುಣ ಮೈಕೆಲ್ ಕರನ್; ಅದು ಉಚಿತವಾಗಿ ದೊರೆಯುತ್ತದೆ. ಹಾಗಿರುವಾಗ ಧರ್ಮಕೇಂದ್ರದ ಕಚೇರಿಯ ಲೆಕ್ಕಪತ್ರವನ್ನು ಅಂಧನೊಬ್ಬನು ಬರೆಯಲಾರನೆಂದು ಹೇಳಲು ನಮಗೆ ನೆಪವೇ ಉಳಿದಿಲ್ಲ.

ಇದು ದೊಡ್ಡ ನಿಧಿಯನ್ನು ಬೇಡುವ ಯೋಜನೆಯಲ್ಲ. ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟಿಸಬಹುದು, ಗಂಟೆಗೋಪುರವನ್ನು ನವೀಕರಿಸಬಹುದು, ಅವೂ ಬೇಕು. ಆದರೆ ವರ್ಷಕ್ಕೊಬ್ಬ ತರುಣ ಅಥವಾ ತರುಣಿ ನಮ್ಮ ನೆರವಿನಿಂದ ತನ್ನ ಮೊದಲ ಸಂಬಳವನ್ನು ತಾಯಿಯ ಕೈಗಿಡುವಂತಾದರೆ, ಎರಡನೆಯ ಶತಮಾನಕ್ಕೆ ಅದಕ್ಕಿಂತ ಒಳ್ಳೆಯ ಅಸ್ತಿವಾರ ಬೇರೆಯಿರದು.

ಸುಂದರ ದ್ವಾರದಲ್ಲಿದ್ದ ಆ ಮನುಷ್ಯನನ್ನು ಪೇತ್ರರು ಬಲಗೈ ಹಿಡಿದೆತ್ತಿದರೆಂದು ಪವಿತ್ರ ಗ್ರಂಥ ಹೇಳುತ್ತದೆ. ಪವಾಡವನ್ನು ಮಾಡುವವರು ಪ್ರಭು. ಕೈ ಹಿಡಿಯುವ ಕೆಲಸವನ್ನು ಮಾತ್ರ ನಮಗೆ ಬಿಟ್ಟಿದ್ದಾರೆ. ಮುಂದಿನ ನೂರು ವರ್ಷಗಳ ಚರಿತ್ರೆಯನ್ನು ಬರೆಯುವವರು, ಈ ದೇವಾಲಯದ ಬಾಗಿಲಲ್ಲಿ ಕುಳಿತಿದ್ದವರು ಒಳಗೆ ಬಂದರು, ತಮ್ಮ ದುಡಿಮೆಯ ಕಾಣಿಕೆಯನ್ನು ತಾವೇ ಪೀಠಕ್ಕೆ ತಂದರು ಎಂದು ಬರೆಯುವಂತಾಗಲಿ. ಅದಕ್ಕೆ ಬೇಕಾದ ಬುದ್ಧಿಯನ್ನೂ ಮನಸ್ಸನ್ನೂ ಪ್ರಭು ಯೇಸುಸ್ವಾಮಿ ನಮಗೆಲ್ಲರಿಗೂ ದಯಪಾಲಿಸಲೆಂದು ಪ್ರಾರ್ಥಿಸುತ್ತೇವೆ.